ಇದೀಯೇನೇ ಅಂದದ್ದು ಯಾರಿಗೆ

ಗಂಡ ಸತ್ತು ಹತ್ತು ವರ್ಷ ದಾಟಿದ ಮೇಲೆ ಹೆಂಡತಿಗೆ ಹೊಟ್ಟೆಕಿಚ್ಚು ಶುರುವಾಗುವುದನ್ನು ನಾವು ಯಾರೂ ಕಂಡಿಲ್ಲ. ಪಡಬೇಕಾದ್ದನ್ನೆಲ್ಲ ಅವನು ಬದುಕಿದ್ದಾಗಲೇ ಪಟ್ಟು, ಹೋದ ಮೇಲೆ ಫೋಟೋಗೆ ಹಾರ ಹಾಕಿ ಸುಮ್ಮನಾಗುವುದು ಪದ್ಧತಿ. ಬಸವೇಶ್ವರನಗರದ ಜಗದಾಂಬಾ ಕೂಡ ಹಾಗೇ ಸುಮ್ಮನಾಗಿದ್ದರು. ಬೆಳಿಗ್ಗೆ ಲಿಂಗಪೂಜೆ, ಮಧ್ಯಾಹ್ನ ಒಂದು ನಿದ್ದೆ, ತಿಂಗಳ ಮೊದಲ ವಾರ ಮೇಲಿನ ಪೋರ್ಷನ್‌ನವರ ಬಾಡಿಗೆ. ಈ ನೆಮ್ಮದಿಗೆ ಕಲ್ಲು ಹಾಕಿದ್ದು ಒಂದು ಪಾಡ್‌ಕಾಸ್ಟ್.

ಅವರ ಗಂಡ ಗಿರಿರಾಜ್ ಆರ್ಕೆಸ್ಟ್ರಾ ಹಾಡುಗಾರ. ಹಗಲೆಲ್ಲ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ, ಸಂಜೆಯಾದರೆ ಬಿಳಿ ಶೂಸು, ಮಿರಿಮಿರಿ ಮಿಂಚುವ ಅಂಗಿ. ಗಣೇಶನ ಪೆಂಡಾಲಿರಲಿ, ರಾಜ್ಯೋತ್ಸವದ ವೇದಿಕೆಯಿರಲಿ, ಕೆಂಗೇರಿಯಿಂದ ಮಹಾಲಕ್ಷ್ಮಿ ಲೇಔಟಿನವರೆಗೆ ಅವರು ಹತ್ತದ ಸ್ಟೇಜಿರಲಿಲ್ಲ. ತಾವೇ ಕಟ್ಟಿದ ಹಾಡುಗಳೂ ಇದ್ದವು, ಅವನ್ನು ಸ್ಟೇಜಿನಲ್ಲೇ ರೆಕಾರ್ಡ್ ಮಾಡಿದ ಕ್ಯಾಸೆಟ್ಟುಗಳೂ ಬಂದಿದ್ದವು. ಪ್ರತಿ ಹಾಡಿಗೆ ಮುಂಚೆ ಅವರು ಮೈಕನ್ನು ಬಾಯಿಯ ಹತ್ತಿರ ತಂದು, ಪಕ್ಕದಲ್ಲಿ ಯಾರೋ ಇದ್ದಾರೆನ್ನುವ ಹಾಗೆ ಮೆಲ್ಲಗೆ ಕೇಳುತ್ತಿದ್ದರು: "ಇದೀಯೇನೇ?" ಜನ ಒಕ್ಕೊರಲಿನಿಂದ "ಇದೀನಿ ಕಣೋ" ಎನ್ನುತ್ತಿದ್ದರು. ಆಮೇಲೆ ಹಾಡು ಶುರುವಾಗುತ್ತಿತ್ತು.

ಕಾಲ ಕಳೆದಂತೆ ಕ್ಯಾಸೆಟ್ಟು ಹೋಯಿತು, ಆರ್ಕೆಸ್ಟ್ರಾ ಹೋಯಿತು, ಗಿರಿರಾಜ್ ಕೂಡ ಹೋದರು. ಊರು ಅವರನ್ನು ಮರೆತು ಆರಾಮಾಗಿತ್ತು. ಅಷ್ಟರಲ್ಲಿ ವಿಜಯನಗರದ ಶಿವಾನಿ ಎಂಬ ಹುಡುಗಿಗೆ ಅವಳ ಅಪ್ಪನ ಹಳೆಯ ಡಬ್ಬದಲ್ಲಿ ಒಂದು ಕ್ಯಾಸೆಟ್ ಸಿಕ್ಕಿ, ಅದರ ಮೇಲೆ ಅವಳು ಪಾಡ್‌ಕಾಸ್ಟ್ ಶುರುಮಾಡಿದಳು. ಹೆಸರು 'ಇದೀಯೇನೇ?' ಅಂತಲೇ ಇಟ್ಟಳು. "ಬೆಂಗಳೂರಲ್ಲಿ ಕನ್ನಡ ಎಲ್ಲಿದೆ ಅಂತ ಕೇಳ್ತಾರಲ್ಲ, ಮೆಜೆಸ್ಟಿಕ್ ದಾಟಿ ಈ ಕಡೆ ಬನ್ನಿ, ಕೇಳಿಸ್ತೀನಿ" ಎಂದು ಮೊದಲನೇ ಕಂತಿನಲ್ಲಿ ಅವಳು ಹೇಳಿದ ಮಾತು ಎಲ್ಲರ ಫೋನಿನಲ್ಲೂ ಹರಿದಾಡಿತು.

ಅಲ್ಲಿಂದ ಮುಂದಿನದನ್ನು ಕೇಳಬೇಡಿ. ಆಟೋಗಳ ಬೆನ್ನ ಮೇಲೆ 'ಇದೀಯೇನೇ?', ಹುಡುಗರ ಟೀಶರ್ಟಿನ ಎದೆಯ ಮೇಲೆ 'ಇದೀನಿ ಕಣೋ'. ಮನೆಯಲ್ಲಿ ತಮಿಳೋ ತೆಲುಗೋ ಆಡುವ ಲಗ್ಗೆರೆಯ ಹುಡುಗರೂ ಎದುರು ಸಿಕ್ಕಾಗ ಹಲೋ ಬದಲು ಇದನ್ನೇ ಹೇಳತೊಡಗಿದರು. ವೈಟ್‌ಫೀಲ್ಡಿಗೆ ಕೆಲಸಕ್ಕೆ ಹೋಗುವವರು ಅಲ್ಲಿನ ಲಿಫ್ಟಿನಲ್ಲಿ ಒಬ್ಬರನ್ನೊಬ್ಬರು ಈ ಮಾತಿನಿಂದಲೇ ಗುರುತು ಹಿಡಿಯುತ್ತಿದ್ದರಂತೆ. ನಾವು ಊರಿನ ಈ ಪಶ್ಚಿಮದ ಕಡೆಯವರು ಎಂದು ಹೇಳಿಕೊಳ್ಳಲು ಅಲ್ಲಿಯವರೆಗೆ ಏನೂ ಇಲ್ಲದ ಜನಕ್ಕೆ ಸತ್ತ ಹಾಡುಗಾರನೊಬ್ಬ ಸಿಕ್ಕಿದ. ಒಬ್ಬ ಪ್ರೊಫೆಸರರು ಬಂದು, ಗಿರಿರಾಜ್ ಕೇಳುತ್ತಿದ್ದುದು ಕನ್ನಡ ತಾಯಿಯನ್ನು ಎಂದರು. ಇನ್ನೊಬ್ಬರು, ಅಲ್ಲ, ಈ ಊರನ್ನೇ ಕೇಳಿದ್ದು, ಊರು ಕೈತಪ್ಪಿ ಹೋಗುತ್ತಿದೆ ಎಂದು ಅವರಿಗೆ ಆಗಲೇ ಗೊತ್ತಿತ್ತು ಎಂದರು.

ಜಗದಾಂಬಾ ಇವನ್ನೆಲ್ಲ ಹೀರೇಕಾಯಿ ಹೆಚ್ಚುತ್ತ ಕೇಳುತ್ತಿದ್ದರು. ಮಹಾಲಕ್ಷ್ಮಿ ಲೇಔಟಿನಲ್ಲಿದ್ದ ಮಗಳು ಚೇತನಾ ವಾರವಾರವೂ ತಪ್ಪದೆ ಲಿಂಕ್ ಕಳಿಸುತ್ತಿದ್ದಳು. ಕನ್ನಡ ತಾಯಿಯ ಮೇಲೆ ಅವರಿಗೆ ಯಾವ ತಕರಾರೂ ಇರಲಿಲ್ಲ. ಊರಿನ ಮೇಲೂ ಇರಲಿಲ್ಲ. ಪಾಡ್‌ಕಾಸ್ಟಿನಲ್ಲಿ ತಮ್ಮ ಬಗ್ಗೆ ಬಂದದ್ದು 'ಅವರ ಪತ್ನಿ ಗೃಹಿಣಿ' ಎಂಬ ಒಂದೇ ಒಂದು ಮಾತು ಎಂಬುದನ್ನು ಕೂಡ ನುಂಗಿಕೊಂಡರು. ಆಮೇಲೆ ರಾಗಿಣಿಯ ಕಂತು ಬಂತು.

ರಾಗಿಣಿ ಅಂದರೆ ಗಿರಿರಾಜ್ ಜೊತೆ ಯುಗಳಗೀತೆ ಹಾಡುತ್ತಿದ್ದವಳು. ಸ್ಟೇಜಿನ ಮೇಲೆ ಅವರ ಬಲಗಡೆಗೆ ಜರಿ ಸೀರೆ ಉಟ್ಟು ನಿಲ್ಲುತ್ತಿದ್ದವಳು. ಗಂಡ ಇದ್ದಾಗಲೂ ಜಗದಾಂಬಾ ಈ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ, 'ಆ ಹಾಡೋಳು' ಎಂದಷ್ಟೇ ಅನ್ನುತ್ತಿದ್ದರು. ಆ ಕಂತಿನ ಕೊನೆಯಲ್ಲಿ ಶಿವಾನಿ ಕೇಳಿದಳು: "ಮೇಡಂ, ಎಲ್ಲರಿಗೂ ಇರೋ ಕುತೂಹಲ ಇದು. ಇದೀಯೇನೇ ಅಂತಿದ್ದಿದ್ದು ಯಾರಿಗೆ?"

ರಾಗಿಣಿ ಗಂಟಲು ಸರಿಮಾಡಿಕೊಂಡಳು. ಆಮೇಲೆ ನಕ್ಕಳು. ಗಂಟಲಿನಿಂದ ಹೊರಟು ಮೂಗಿನಲ್ಲಿ ಮುಗಿಯುವ, ಹದಿನಾರರ ಹುಡುಗಿಯರು ನಗುವ ನಗು ಅದು. "ಅಯ್ಯೋ, ಅದನ್ನೆಲ್ಲ ಈಗ ಯಾಕೆ ಕೇಳ್ತೀಯಮ್ಮ" ಎಂದಳು.

ಜಗದಾಂಬಾಗೆ ಮೈಯೆಲ್ಲ ಉರಿದುಹೋಯಿತು. ಅವಳು ನನಗೇ ಎಂದು ಹೇಳಿದ್ದರೆ ಸುಳ್ಳಿ ಎಂದು ಬೈದು ಕೂರಬಹುದಿತ್ತು. ಹೇಳಲಿಲ್ಲ, ನಕ್ಕಳು. ನಗುವಿಗೆ ಎದುರು ವಾದ ಮಾಡುವುದು ಹೇಗೆ? ಕೆಳಗೆ ಜನ ಬರೆದದ್ದನ್ನು ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದರು. 'ಮೇಡಂ ನಕ್ಕಿದ್ದೇ ಉತ್ತರ' ಎಂದು ಒಬ್ಬ. 'ಇದು ನಿಜವಾದ ಪ್ರೀತಿ, ಕಣ್ಣಲ್ಲಿ ನೀರು ಬಂತು' ಎಂದು ಇನ್ನೊಬ್ಬಳು. ಕಣ್ಣೀರು ಹಾಕುವವರ ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದರು.

ಅವರ ಸಂಕಟ ಸುಮ್ಮನೆ ಹುಟ್ಟಿದ್ದಲ್ಲ. ಗಿರಿರಾಜ್ ಮನೆಯಲ್ಲಿ ಅವರನ್ನು ಒಂದು ದಿನವೂ 'ಏನೇ' ಅಂದವರಲ್ಲ. ಚಿತ್ರದುರ್ಗದ ಕಡೆಯ ಅತ್ತೆ, ಬಿಗಿ ಸಂಪ್ರದಾಯದ ಮನೆ. ಹಿರಿಯರ ಎದುರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿರಲಿ, ನೇರವಾಗಿ ಮಾತಾಡಿಸುವುದೂ ನಾಚಿಕೆಗೇಡು. ಹೆಂಡತಿ ಎದುರಿಗೇ ನಿಂತಿದ್ದರೂ ಗಿರಿರಾಜ್ "ಚೇತನಾ, ಸಾರಿಗೆ ಉಪ್ಪಿಲ್ಲ ಅಂತ ನಿಮ್ಮಮ್ಮನಿಗೆ ಹೇಳು" ಎನ್ನುತ್ತಿದ್ದರು. ಅತ್ತೆ ತೀರಿಕೊಂಡ ಮೇಲಾದರೂ ಬದಲಾಗಬಹುದು ಎಂದು ಜಗದಾಂಬಾ ಕಾದರು. ಅಷ್ಟು ಹೊತ್ತಿಗೆ ಗಂಡನ ನಾಲಿಗೆಗೆ ಅದೇ ಅಭ್ಯಾಸವಾಗಿಹೋಗಿತ್ತು. ಸೊಸೆ ಆರ್ಕೆಸ್ಟ್ರಾ ನೋಡಲು ಹೋಗುವಂತಿರಲಿಲ್ಲ, ಹಾಗಾಗಿ ಗಂಡನ ಆ ಮಾತನ್ನು ಅವರು ಕೇಳಿದ್ದೆಲ್ಲ ಕ್ಯಾಸೆಟ್ಟಿನಲ್ಲಿ. ಕೊನೆಗೆ ಬರುವ ಆ 'ನೇ' ಇದೆಯಲ್ಲ, ಅದರಲ್ಲಿ ಒಂದು ಸಂಸಾರವೇ ಇದೆ. ಆ ಸಂಸಾರ ಮಾಡಿದವಳು ತಾನಲ್ಲದಿದ್ದರೆ ಇನ್ನು ಯಾರು ಎಂಬುದು ಅವರ ಪ್ರಶ್ನೆ.

"ಅಮ್ಮ, ನಿಂಗೆ ಹೊಟ್ಟೆಕಿಚ್ಚು ಅಷ್ಟೇ" ಎಂದಳು ಚೇತನಾ ಫೋನಿನಲ್ಲಿ.

"ನಂಗ್ಯಾಕೆ ಹೊಟ್ಟೆಕಿಚ್ಚು? ಬೆಳಿಗ್ಗೆ ಚಟ್ನಿ ಖಾರ ಆಯ್ತು, ಅದಕ್ಕೆ ಹೊಟ್ಟೆ ಉರೀತಿದೆ."

"ಸರಿ, ಮಜ್ಜಿಗೆ ಕುಡಿ."

ಮಜ್ಜಿಗೆ ಕುಡಿದರೂ ಉರಿ ಆರಲಿಲ್ಲ. ಕನ್ನಡಿಯ ಮುಂದೆ ನಿಂತು ಆ ನಗುವನ್ನು ಅಣಕಿಸಿ ನೋಡಿದರು. ಗಂಟಲಿನಿಂದ ಹೊರಟು ಮೂಗಿನಲ್ಲಿ. ಚೆನ್ನಾಗಿಯೇ ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಹೀಗಿರುವಾಗ ಒಂದು ಸಂಜೆ ಶಿವಾನಿಯೇ ಮನೆಗೆ ಬಂದಳು. ಕಾಲಿಗೆ ಬಿದ್ದಳು, ಗಿರಿರಾಜ್ ಫೋಟೋಗೆ ಕೈಮುಗಿದಳು, ಕೊಟ್ಟ ಚಕ್ಕುಲಿಯನ್ನು ಚೊಕ್ಕವಾಗಿ ತಿಂದಳು. "ಆಂಟಿ, ಕೊನೇ ಕಂತನ್ನ ಜನರ ಮುಂದೆ ಮಾಡ್ತಾ ಇದೀವಿ. ಭಾನುವಾರ, ಇಲ್ಲೇ ಬಸವೇಶ್ವರನಗರದ ಹಾಲ್‌ನಲ್ಲಿ. ನೀವು ಬರ್ಲೇಬೇಕು. ನೀವೂ ರಾಗಿಣಿ ಮೇಡಮ್ಮೂ ಒಟ್ಟಿಗೆ ಸ್ಟೇಜ್ ಮೇಲೆ."

"ನನ್ನ ಹತ್ರ ಏನಮ್ಮ ಕೇಳ್ತೀಯ?"

"ಇದೀಯೇನೇ ಅಂದದ್ದು ಯಾರಿಗೆ ಅಂತ. ಎಲ್ಲರೂ ಅದಕ್ಕೇ ಕಾಯ್ತಾ ಇದಾರೆ."

ಹುಡುಗಿ ಹೋದ ಮೇಲೆ ಜಗದಾಂಬಾ ಕೂತಲ್ಲೇ ಕೂತರು. ನನಗೆ ಎಂದು ಹೇಳಲು ಅವರ ಬಳಿ ಸಾಕ್ಷಿಯಿಲ್ಲ. ಗೊತ್ತಿಲ್ಲ ಎಂದರೆ ಊರೆಲ್ಲರ ಎದುರು ಆ ಮಾತನ್ನು ರಾಗಿಣಿಗೆ ಅರಿಶಿನ ಕುಂಕುಮದ ಜೊತೆ ಕೊಟ್ಟ ಹಾಗೆ. ಭಾನುವಾರದ ಒಳಗೆ ನಿಜ ಏನೆಂದು ತಿಳಿಯಲೇಬೇಕು, ಆ ನಿಜ ರಾಗಿಣಿಯ ಪರವಾಗಿ ಇರಬಾರದು. ಆಗ ನೆನಪಾದದ್ದು ಉಗ್ರಪ್ಪ. ಗಿರಿರಾಜ್ ತಂಡಕ್ಕೆ ಮೊದಲಿನಿಂದ ಕೊನೆಯವರೆಗೂ ಮೈಕ್‌ಸೆಟ್ ಹಾಕಿದವನು.

ಲಗ್ಗೆರೆಗೆ ಆಟೋ ಹಿಡಿದರು. ಬೆನ್ನಿಗೆ ದೊಡ್ಡ ಅಕ್ಷರದಲ್ಲಿ 'ಇದೀಯೇನೇ?' ಎಂದು ಬರೆದ ಆಟೋವೇ ಸಿಗಬೇಕೆ. ಅದನ್ನು ಬಿಟ್ಟು ಇನ್ನೊಂದನ್ನು ಕರೆಯೋಣ ಎಂದರೆ ಅದರ ಬೆನ್ನ ಮೇಲೂ ಅದೇ.

ಉಗ್ರಪ್ಪ ಸ್ಪೀಕರ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ವೈರುಗಳ ನಡುವೆ ಕೂತಿದ್ದ. ಅವರನ್ನು ನೋಡಿ ಎದ್ದು ನಿಂತು ಸ್ಟೂಲು ಒರೆಸಿದ. ಊಟ, ಆರೋಗ್ಯ, ಮೊಮ್ಮಕ್ಕಳು ಎಲ್ಲ ಆದ ಮೇಲೆ ಜಗದಾಂಬಾ ತಮಗೇನೂ ಆಸಕ್ತಿಯಿಲ್ಲದವರ ಹಾಗೆ ಸೆರಗು ಸರಿಮಾಡಿಕೊಳ್ಳುತ್ತ ಕೇಳಿದರು.

"ಅಲ್ಲ ಉಗ್ರಪ್ಪ, ನಮ್ಮ ಯಜಮಾನ್ರು ಹಾಡಿಗೆ ಮುಂಚೆ ಒಂದು ಮಾತು ಕೇಳ್ತಿದ್ರಲ್ಲ. ಆಗ ಯಾರ ಕಡೆ ತಿರುಗ್ತಿದ್ರು?"

"ನನ್ನ ಕಡೆ ಅಮ್ಮಾವ್ರೇ."

"ನಿನ್ನ ಕಡೆಯಾ?"

"ನನ್ನ ಕಡೆ ಅಂದ್ರೆ ಇವಳ ಕಡೆ." ಉಗ್ರಪ್ಪ ಪಕ್ಕದಲ್ಲಿದ್ದ ಒಂದು ಆಂಪ್ಲಿಫೈಯರ್ ತಟ್ಟಿದ. "ಇವಳಲ್ಲ, ಇವಳ ಅಜ್ಜಿ ಅನ್ಕೊಳ್ಳಿ. ಹಳೇ ಸೆಟ್ಟು, ಅಣ್ಣ ಎಸ್.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ರು. ಬಿಸಿ ಆಯ್ತು ಅಂದ್ರೆ ಮುನಿಸ್ಕೊಂಡು ಕೂತ್ಬಿಡೋಳು, ಹಾಡಿನ ಮಧ್ಯ ಮೈಕ್ ಸತ್ತೋಗೋದು. ಅದಕ್ಕೇ ಅಣ್ಣ ಶುರುಮಾಡೋಕೆ ಮುಂಚೆ ನಮ್ಮ ಕಡೆ ತಿರುಗಿ 'ಇದೀಯೇನೇ' ಅನ್ನೋರು. ಕೆಂಪು ಲೈಟ್ ಉರೀತಿದ್ರೆ ನಾನು ಕೈ ಎತ್ತೋನು. ಜನ ಏನೋ ತಿಳ್ಕೊಂಡು ಕಿರುಚೋರು. ಸರಿ, ಕಿರುಚಲಿ ಅಂತ ನಾವೂ ಬಿಟ್ವಿ."

ಜಗದಾಂಬಾ ಬಾಗಿ ಆ ಡಬ್ಬವನ್ನು ನೋಡಿದರು. ಗಾಡಿ ಓಡಿಸುವವರು ಗಾಡಿಯನ್ನು, ಲೇತ್ ಮಷೀನಿನ ಮೇಲೆ ಕೆಲಸ ಮಾಡುವವರು ಲೇತನ್ನು 'ಇವಳು' ಅನ್ನುವುದು ಅವರಿಗೆ ಹೊಸದಲ್ಲ. ಅವರ ಗಂಡನೂ ಸ್ಕೂಟರಿಗೆ ಒದೆಯುತ್ತ "ಬಾರೇ, ಬಾರೇ" ಎನ್ನುತ್ತಿದ್ದರು. ಆದರೂ ಅವರಿಗೆ ಇದು ಹೊಳೆದಿರಲಿಲ್ಲ.

"ಇದನ್ನ ಆ ಹುಡುಗಿಗೆ ಹೇಳಿದೀಯಾ?"

"ಕೇಳ್ಲಿಲ್ಲ, ಹೇಳ್ಲಿಲ್ಲ. ಜನ ಖುಷಿಯಾಗಿದಾರೆ, ನಾನ್ಯಾಕೆ ಮಧ್ಯ ಬಾಯಿ ಹಾಕ್ಲಿ. ಆ ಸೆಟ್ಟೂ ಗುಜರಿಗೆ ಹೋಗಿ ಯಾವ್ ಕಾಲ ಆಯ್ತು."

ವಾಪಸು ಬರುವಾಗ ಆಟೋದಲ್ಲಿ ಮೊದಲು ಅವರಿಗೆ ಸ್ವಲ್ಪ ಅವಮಾನವಾಯಿತು. ಇಷ್ಟು ವರ್ಷ ಒಂದು ಡಬ್ಬದ ಮೇಲೆ ಉರಿದುಕೊಂಡೆನಲ್ಲ ಎಂದು. ಆದರೆ ರಿಂಗ್ ರೋಡ್ ದಾಟುವಷ್ಟರಲ್ಲಿ ಮನಸ್ಸು ಹಗುರವಾಗಿ, ಬಾಯಲ್ಲಿ ಸಿಹಿ ತಿಂದ ರುಚಿ ಬಂತು. ತಮಗೆ ಅಲ್ಲದಿದ್ದರೇನು, ಅವಳಿಗೂ ಅಲ್ಲ. ಈ ಸುದ್ದಿಯನ್ನು ಭಾನುವಾರದವರೆಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ತಾಳ್ಮೆ ಯಾರಿಗಿದೆ. "ಮನೆಗೆ ಬೇಡಪ್ಪ, ವಿಜಯನಗರಕ್ಕೆ ನಡಿ" ಎಂದರು.

ರಾಗಿಣಿ ಇದ್ದದ್ದೂ ವಿಜಯನಗರದಲ್ಲೇ. ಮನೆಯ ವರಾಂಡದಲ್ಲಿ ಮಕ್ಕಳಿಗೆ ಭಾವಗೀತೆ ಹೇಳಿಕೊಡುತ್ತಿದ್ದಳು. ಮನೆಯಲ್ಲಿರುವಾಗಲೂ ಲಿಪ್‌ಸ್ಟಿಕ್ ಹಚ್ಚಿಕೊಂಡಿದ್ದಾಳೆ ಎಂಬುದನ್ನು ಜಗದಾಂಬಾ ಚಪ್ಪಲಿ ಬಿಡುವ ಮುಂಚೆಯೇ ನೋಡಿಕೊಂಡರು. ಅವಳು ಗಾಬರಿಯಾಗಿ ಮಕ್ಕಳನ್ನು ಕಳಿಸಿ, "ಬನ್ನಿ ಅಕ್ಕ, ಬನ್ನಿ" ಎಂದು ಒಳಗೆ ಕೂರಿಸಿ ಕಾಫಿ ತಂದಳು. ಜಗದಾಂಬಾ ಒಂದೇ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ರಾಗಿಣಿ ಅವರೇ, ಭಾನುವಾರ ಅಲ್ಲಿ ನಿಮಗೆ ಮುಜುಗರ ಆಗ್ಬಾರ್ದು ಅಂತ ಮೊದಲೇ ಹೇಳೋಕೆ ಬಂದೆ" ಎಂದು ಶುರುಮಾಡಿ, ಉಗ್ರಪ್ಪ ಹೇಳಿದ್ದನ್ನು ಒಂದಕ್ಷರ ಬಿಡದೆ, ಕೆಂಪು ಲೈಟು, ಗುಜರಿ ಸಮೇತ ಹೇಳಿದರು. ಹೇಳುವಾಗ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಆ ಮುಖ ಬಾಡುವುದನ್ನು ನೋಡಲೆಂದೇ ಅಷ್ಟು ದೂರ ಬಂದದ್ದು.

ಮುಖ ಬಾಡಲಿಲ್ಲ. ಅವಳು ಬಹಳ ಹೊತ್ತು ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು.

"ನಾನು ನಿಮಗೆ ಅಂದ್ಕೊಂಡಿದ್ದೆ ಅಕ್ಕ" ಎಂದಳು.

"ಏನು?"

"ಆ ಮಾತು ನಿಮಗೆ ಅಂತ. ಒಂದು ಸಲಾನೂ ಅವರು ನನ್ನ ಕಡೆ ತಿರುಗಿ ಅದನ್ನ ಹೇಳಿದೋರಲ್ಲ. ನಾನು ಬಲಗಡೆ ನಿಂತಿರ್ತಿದ್ದೆ, ಅವರು ಎಡಗಡೆ ಕತ್ತಲಿಗೆ ತಿರುಗಿ ಕೇಳೋರು. ಮುಖದಲ್ಲಿ ಅದೇನು ಆತಂಕ, ಅದೇನು ಪ್ರೀತಿ. ಯಾರೂ ಹೇಳ್ದೇನೇ ನನಗೆ ಗೊತ್ತಾಗೋಯ್ತು, ಮನೇಲಿ ಕೂತಿರೋ ಹೆಂಡ್ತೀನ ಕೇಳ್ತಾ ಇದಾರೆ ಅಂತ. ಜರಿ ಸೀರೆ ಉಟ್ಕೊಂಡು, ತಲೆ ತುಂಬ ಮಲ್ಲಿಗೆ ಮುಡ್ಕೊಂಡು ನಾನು ಪಕ್ಕದಲ್ಲಿ ನಿಂತಿದೀನಿ. ನನಗೆ ಎಷ್ಟು ಉರೀತಿತ್ತು ಗೊತ್ತಾ ನಿಮಗೆ. ನಿಮ್ಮ ಚೇತನಾ ನಾಮಕರಣಕ್ಕೆ ಬಂದಿದ್ದೆ, ನೆನಪಿದೆಯಾ? ಮಗು ನೋಡೋಕೆ ಬರ್ಲಿಲ್ಲ. ಅಂಥಾದ್ದು ನಿಮ್ಮಲ್ಲಿ ಏನಿದೆ ಅಂತ ನೋಡೋಕೆ ಬಂದಿದ್ದೆ."

"ಮತ್ತೆ ಪಾಡ್‌ಕಾಸ್ಟ್‌ನಲ್ಲಿ ನಕ್ಕಿದ್ದು ಯಾಕೆ?"

"ಇನ್ನೇನು ಮಾಡ್ಲಿ? ನನಗೆ ಅಂತ ಸುಳ್ಳು ಹೇಳೋಕೆ ಆಗ್ಲಿಲ್ಲ. ನಿಮಗೆ ಅಂತ ನಿಜ ಹೇಳೋಕೆ ಬಾಯಿ ಬರ್ಲಿಲ್ಲ. ನಕ್ಕುಬಿಟ್ಟೆ."

ಲಿಪ್‌ಸ್ಟಿಕ್ ಹಚ್ಚಿದ ಆ ಮುಖದಲ್ಲಿ ಈಗ ದೊಡ್ಡ ನಿರಾಳ ಇತ್ತು. "ಒಳ್ಳೇದಾಯ್ತು ಬಿಡಿ ಅಕ್ಕ. ನಿಮಗೂ ಇಲ್ಲ, ನನಗೂ ಇಲ್ಲ. ಎಂಥಾ ಭಾರ ಇಳಿಸಿದ್ರಿ ಇವತ್ತು. ತಡೀರಿ, ಕಾಫಿ ಆರೋಯ್ತು, ಇನ್ನೊಂದು ಬಿಸಿ ಲೋಟ ತರ್ತೀನಿ."

ಬಿಸಿ ಕಾಫಿಯನ್ನೂ ಜಗದಾಂಬಾ ಹಾಗೇ ಬಿಟ್ಟು ಎದ್ದರು. ಇಡೀ ಆಯುಷ್ಯ ಅವರು ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದರೋ ಅವಳು ಅಷ್ಟೂ ಕಾಲ ಅವರ ಮೇಲೇ ಪಡುತ್ತಿದ್ದಳು. ಉಪ್ಪಿಲ್ಲದ ಸಾರು, ಅತ್ತೆಯ ಬೈಗುಳ, ಮಗಳ ಮೂಲಕ ಬರುವ ಗಂಡನ ಮಾತು ಇಷ್ಟರಲ್ಲೇ ದಿನ ದೂಡಿದ ಹೆಂಗಸು, ಈ ವಿಜಯನಗರದ ಮನೆಯಲ್ಲಿ ಮಾತ್ರ ಗಂಡನಿಂದ 'ಏನೇ' ಅನ್ನಿಸಿಕೊಂಡ ಭಾಗ್ಯವಂತೆಯಾಗಿ ಬದುಕಿದ್ದಳು. ಊರಲ್ಲಿ ಒಬ್ಬಳಾದರೂ ಹಾಗೆ ನಂಬಿದ್ದಳು. ಆ ಒಬ್ಬಳನ್ನು ಹುಡುಕಿಕೊಂಡು ಬಂದು, ಅವರೇ ಕೈಯಾರೆ ಅದನ್ನು ಅಳಿಸಿ ಹಾಕಿದ್ದರು. ಮನೆಗೆ ಬಂದು ದೀಪವನ್ನೂ ಹಚ್ಚದೆ ಮಲಗಿ ಅತ್ತರು.

ಭಾನುವಾರ ಹಾಲ್ ತುಂಬಿ ಹೊರಗೂ ಜನ ನಿಂತಿದ್ದರು. ಟೀಶರ್ಟ್ ಹಾಕಿದ ಹುಡುಗರು, ಅವರ ಅಪ್ಪಂದಿರು, ಹಿಂದೆ ಗಿರಿರಾಜ್ ಹಾಡಿಗೆ ಪೆಂಡಾಲಿನಲ್ಲಿ ಕುಣಿದು ಈಗ ಮಂಡಿ ನೋವಿನಿಂದ ಕುಂಟುತ್ತಿದ್ದ ಹೆಂಗಸರು. ಸ್ಟೇಜಿನ ಮೇಲೆ ಮೂರು ಕುರ್ಚಿ. ಮಧ್ಯದಲ್ಲಿ ಶಿವಾನಿ, ಆ ಕಡೆ ಈ ಕಡೆ ಇವರಿಬ್ಬರು. ರಾಗಿಣಿ ಹಸಿರು ಸೀರೆಯಲ್ಲಿ ಆರಾಮಾಗಿ, ಎಲ್ಲ ಲೆಕ್ಕ ಮುಗಿಸಿದವಳ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಜಗದಾಂಬಾಗೆ ಆ ಆರಾಮು ಹಿಡಿಸಲಿಲ್ಲ. ಅದನ್ನು ತಂದುಕೊಟ್ಟವರು ಅವರೇ ಆದ್ದರಿಂದ ಇನ್ನೂ ಹಿಡಿಸಲಿಲ್ಲ.

ದೀಪಗಳು ಮಂದವಾದವು. ಹಳೆಯ ಕ್ಯಾಸೆಟ್ಟಿನ ಗೊರಗೊರ ಸದ್ದು, ಅದರ ಹಿಂದೆ ಯಾರದೋ ಕೆಮ್ಮು. ಆಮೇಲೆ ಆ ದನಿ.

"ಇದೀಯೇನೇ?"

ಇಡೀ ಹಾಲ್ "ಇದೀನಿ ಕಣೋ" ಎಂದಿತು. ಜಗದಾಂಬಾ ಇದನ್ನು ಜನರ ನಡುವೆ ಕೂತು ಕೇಳಿದ್ದು ಇದೇ ಮೊದಲು. ಹಾಲಿನ ಕೊನೆಯಲ್ಲಿ, ಮಿಕ್ಸರಿನ ಮುಂದೆ ಕೂತಿದ್ದ ಉಗ್ರಪ್ಪ ಹಳೆಯ ಅಭ್ಯಾಸದಲ್ಲಿ ಕೈ ಎತ್ತಿದ. ಅದು ಯಾಕೆಂದು ಅವನನ್ನು ಬಿಟ್ಟರೆ ಅಲ್ಲಿ ಗೊತ್ತಿದ್ದದ್ದು ಈ ಇಬ್ಬರು ಹೆಂಗಸರಿಗೆ ಮಾತ್ರ. ರಾಗಿಣಿ ಅವರ ಕಡೆ ನೋಡಿ, ನಮ್ಮಿಬ್ಬರ ಗುಟ್ಟು ಎನ್ನುವ ಹಾಗೆ ಮುಗುಳ್ನಕ್ಕಳು.

ಶಿವಾನಿ ಮೈಕನ್ನು ಜಗದಾಂಬಾ ಕೈಗೆ ಕೊಟ್ಟಳು. "ಆಂಟಿ, ಇವರೆಲ್ಲ ಇಷ್ಟು ದಿನ ಕಾದಿದ್ದಕ್ಕೆ ನೀವೇ ಉತ್ತರ ಹೇಳ್ಬೇಕು. ಇದೀಯೇನೇ ಅಂತಿದ್ದಿದ್ದು ಯಾರಿಗೆ?"

ಸಾಲುಸಾಲು ಮುಖಗಳು ಅವರನ್ನೇ ನೋಡುತ್ತಿದ್ದವು. ಅಷ್ಟೂ ಜನರ ಎದೆಯ ಮೇಲೆ ಬರೆದುಕೊಂಡಿರುವ ಮಾತನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ ಎಂದು ಅವರು ಆಮೇಲೆ ಚೇತನಾಗೆ ಹೇಳಿದರು. ನೀವು ನಂಬಬೇಡಿ. ಅವರು ಆಗ ಜನರನ್ನು ನೋಡುತ್ತಲೇ ಇರಲಿಲ್ಲ. ಶಿವಾನಿಯ ಆಚೆ ಕಡೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಆ ನೆಮ್ಮದಿಯನ್ನು ನೋಡುತ್ತಿದ್ದರು.

ಅವರು ಗಂಟಲು ಸರಿಮಾಡಿಕೊಂಡರು. ಆಮೇಲೆ ನಕ್ಕರು. ಗಂಟಲಿನಿಂದ ಹೊರಟು ಮೂಗಿನಲ್ಲಿ ಮುಗಿಯುವ ನಗು.

"ಅಯ್ಯೋ, ಅದನ್ನೆಲ್ಲ ಈಗ ಯಾಕೆ ಕೇಳ್ತೀಯಮ್ಮ" ಎಂದರು.

ಹಾಲ್ ಚಪ್ಪಾಳೆಯಲ್ಲಿ ಮುಳುಗಿತು. ರಾಗಿಣಿ ಮೇಲಿದ್ದ ಕಾಲನ್ನು ಕೆಳಗಿಳಿಸಿದಳು. ನಿಜ ಏನೆಂದು ಗೊತ್ತಿದ್ದೂ, ಅದನ್ನು ಇದೇ ಹೆಂಗಸಿನ ಬಾಯಿಂದ ಕೇಳಿದ್ದೂ, ಅವಳ ಮುಖ ನೋಡನೋಡುತ್ತಲೇ ಸಣ್ಣಗಾಯಿತು. ಜಗದಾಂಬಾ ಅದನ್ನು ಕಣ್ಣುತುಂಬ ನೋಡಿ, ಮೈಕನ್ನು ಹುಡುಗಿಯ ಕೈಗೆ ವಾಪಸು ಕೊಟ್ಟರು.